ಸನ್ನೆ ಬಂದೂಕು ಮತ್ತು ಅದರ ತೋಟಾ

ಖಾಂಡವದಹನದ ಸಂದರ್ಭದಲ್ಲಿ ಅಗ್ನಿಯ ಕೋರಿಕೆಯಂತೆ ವರುಣನು ಅರ್ಜುನನಿಗೆ ಗಾಂಡೀವವನ್ನು ಕೊಟ್ಟನೆಂಬುದು ಭಾರತವನ್ನು ಓದಿದವರೆಲ್ಲರಿಗೂ ತಿಳಿದ ಸಂಗತಿ. ಆದರೆ ವರುಣನು ಬಿಲ್ಲೊಂದನ್ನೇ ಕೊಟ್ಟು ಸುಮ್ಮನಾಗಲಿಲ್ಲ. ಅದರೊಡನೆ ಬಾಣಗಳು ಮುಗಿಯದ ಎರಡು ಅಕ್ಷಯ ತೂಣೀರಗಳನ್ನೂ ಕೊಟ್ಟನು. ಬಾಣ ಮುಗಿದ ಬಿಲ್ಲಾಳಿನ ಕೈಯಲ್ಲಿ ಎಂಥ ಶ್ರೇಷ್ಠವಾದ ಬಿಲ್ಲೂ ಬರಿಯ ಕೋಲೆಂಬುದನ್ನು ಆ ಕಥೆಯನ್ನು ಕಟ್ಟಿದವರು ಚೆನ್ನಾಗಿ ಬಲ್ಲವರಾಗಿದ್ದರು. ಈಚಿನ ಕಾಲದ ಬಂದೂಕುಗಳ ಚರಿತ್ರೆಯನ್ನು ಬರೆದವರಲ್ಲಿ ಅನೇಕರು ಈ ವಿವೇಕವನ್ನು ಮರೆತಂತೆ ತೋರುತ್ತದೆ. ಅವರು ಬಂದೂಕಿನ ನಳಿಗೆ, ಕೀಲು, ಹಿಡಿಗಳನ್ನು ಸವಿಸ್ತಾರವಾಗಿ ವರ್ಣಿಸುವರು. ಅದರ ಬಾಯಿಗೆ ಆಹಾರವಾಗತಕ್ಕ ತೋಟಾದ ವಿಷಯದಲ್ಲಿ ಒಂದೆರಡು ಮಾತು ಹೇಳಿ ಮುಂದೆ ಸಾಗುವರು. ಆದರೆ ಬಂದೂಕುಳ್ಳವನ ಬಲವಾಗಲಿ ದೌರ್ಬಲ್ಯವಾಗಲಿ ನಿರ್ಣಯವಾಗುತ್ತಿದ್ದುದು ಬಹುಮಟ್ಟಿಗೆ ತೋಟಾದಿಂದಲೇ. 1857ರಲ್ಲಿ ಮೀರತ್ತಿನ ಕವಾಯತಿನ ಬಯಲಿನಲ್ಲಿ 85 ಮಂದಿ ಸವಾರರು ಬೇಡವೆಂದುದು ಬಂದೂಕನ್ನಲ್ಲ, ತೋಟಾವನ್ನು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹುಟ್ಟಿ ಲೋಕಪ್ರಸಿದ್ಧವಾದ ಸನ್ನೆ ಬಂದೂಕಿನ ಚರಿತ್ರೆಯಲ್ಲಿ ಈ ಮಾತು ಇನ್ನೂ ಸ್ಪಷ್ಟವಾಗಿ ಕಾಣಬರುವುದು.

ಸನ್ನೆ ಬಂದೂಕೆಂದರೆ ಹಿಡಿಯ ಕೆಳಗೆ ಕೈಬೆರಳುಗಳು ತೂರುವಂಥ ಒಂದು ಸನ್ನೆಯುಳ್ಳ ರೈಫಲ್ಲು. ಆ ಸನ್ನೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಸೆಳೆದರೆ, ಖಾಲಿಯಾದ ತೋಟಾದ ಕವಚವು ಹೊರಕ್ಕೆ ಚಿಮ್ಮುವುದು. ನಳಿಗೆಯ ಕೆಳಗಣ ಕೊಳವೆಯಲ್ಲಿ ಸಾಲಾಗಿ ಮಲಗಿರುವ ತೋಟಾಗಳಲ್ಲೊಂದು ಮೇಲೆ ಬಂದು ನಳಿಗೆಯನ್ನು ಸೇರುವುದು. ಕುದುರೆಯೂ ಏರಿ ನಿಲ್ಲುವುದು. ಒಂದು ಗುಂಡು ಹಾರಿಸಿ, ಮದ್ದನ್ನು ಸುರಿದು, ಗುಂಡನ್ನು ಗಜದಿಂದ ತುರುಕಿ, ಮತ್ತೆ ಗುರಿಯಿಡುತ್ತಿದ್ದ ಕಾಲದಲ್ಲಿ ಇದು ಪರಮಾಶ್ಚರ್ಯಕರವಾದ ಯಂತ್ರವಾಗಿದ್ದಿತು. ಆದರೆ ಇಂಥ ಯಂತ್ರವು ಕೆಲಸಮಾಡಬೇಕಾದರೆ ಮದ್ದು, ಗುಂಡು, ಕಿಡಿ ಮೂರೂ ಒಂದೇ ಗಟ್ಟಿಯಾದ ಪೊಟ್ಟಣದಲ್ಲಿ ಅಡಗಿರಬೇಕಷ್ಟೆ. ಕಾಗದದಲ್ಲಿ ಸುತ್ತಿದ ತೋಟಾ ಕೊಳವೆಯಲ್ಲಿ ನುಗ್ಗಿ ನುಜ್ಜಾಗುವುದು. ಆದುದರಿಂದ ಸನ್ನೆ ಬಂದೂಕಿನ ಚರಿತ್ರೆಯು ಮೊದಲಿನಿಂದಲೂ ತೋಟಾದ ಚರಿತ್ರೆಯೇ ಆಗಿದೆ.

ಮೊದಲ ಪ್ರಯತ್ನ ವಾಲ್ಟರ್ ಹಂಟ್ ಎಂಬವನದು. ಬಟ್ಟೆಗೆ ಚುಚ್ಚುವ ಪಿನ್ನನ್ನು ಕಂಡುಹಿಡಿದವನೂ ಇವನೇ. 1848ರಲ್ಲಿ ಇವನು ಗುಂಡಿನ ಹಿಂಭಾಗವನ್ನೇ ಟೊಳ್ಳುಮಾಡಿ ಅದರೊಳಗೆ ಮದ್ದನ್ನು ತುಂಬುವ ಉಪಾಯವನ್ನು ಹೂಡಿದನು. ಟೊಳ್ಳು ಚಿಕ್ಕದು, ಹಿಡಿಯುವ ಮದ್ದು ಅತ್ಯಲ್ಪ. ಗುಂಡಿಗೆ ಬಲ ಸಾಲದೆ ಹೋಯಿತು. ಈ ತತ್ತ್ವವನ್ನೇ ಅನುಸರಿಸಿ ಮುಂದೆ ವೋಲ್ಕಾನಿಕ್ ಎಂಬ ಬಂದೂಕುಗಳು ಹೊರಟುವು. ಅವುಗಳ ಯಂತ್ರವು ಚೆನ್ನಾಗಿದ್ದಿತು, ಆದರೆ ತೋಟಾದ ದೋಷದಿಂದ ವ್ಯಾಪಾರವು ಕುಸಿಯಿತು. ಆ ವ್ಯಾಪಾರಕ್ಕೆ ಹಣ ಹಾಕಿದ್ದವರಲ್ಲಿ ನ್ಯೂ ಹೇವನ್ ಪಟ್ಟಣದಲ್ಲಿ ಅಂಗಿಗಳನ್ನು ಹೊಲಿಸಿ ಮಾರುತ್ತಿದ್ದ ಆಲಿವರ್ ವಿಂಚೆಸ್ಟರ್ ಒಬ್ಬನು. ಅವನು ಉಳಿದುದನ್ನು ತನ್ನ ಕೈಗೆ ತೆಗೆದುಕೊಂಡು, ಬೆಂಜಮಿನ್ ಟೈಲರ್ ಹೆನ್ರಿ ಎಂಬ ಕುಶಲನಿಗೆ ಕೆಲಸವನ್ನೊಪ್ಪಿಸಿದನು. ಹೆನ್ರಿಯು ಹೊಸ ಲೋಹದ ತೋಟಾವೊಂದನ್ನು ಸಿದ್ಧಪಡಿಸಿ, ಅದಕ್ಕೆ ಹೊಂದುವಂತೆ ಹಳೆಯ ಯಂತ್ರವನ್ನು ತಿದ್ದಿ, 1860ರ ಅಕ್ಟೋಬರಿನಲ್ಲಿ ಸರ್ಕಾರದಿಂದ ಹಕ್ಕುಪತ್ರವನ್ನು ಪಡೆದನು. ಇದೇ ಹೆನ್ರಿ ರೈಫಲ್ಲು. ಇದರ ಕೊಳವೆಯಲ್ಲಿ 16 ತೋಟಾಗಳು ಹಿಡಿಯುತ್ತಿದ್ದುವು. ಒಂದೊಂದು ತೋಟಾದಲ್ಲೂ 216 ಗ್ರೇನು, ಎಂದರೆ ಸುಮಾರು 14 ಗ್ರಾಂ ತೂಕದ ಸೀಸದ ಗುಂಡೂ, ಸುಮಾರು 26 ಗ್ರೇನು ಕರಿಮದ್ದೂ ಇದ್ದುವು. ತೋಟಾದ ತಳದಲ್ಲಿ ಹೆನ್ರಿಯ ಹೆಸರಿನ ಮೊದಲಕ್ಷರವನ್ನು ಒತ್ತಿ ಅವನಿಗೆ ಗೌರವ ಸಲ್ಲಿಸಿದರು.

ಯಾವ ತೋಟಾಕ್ಕಾಗಲಿ ಅಂಗಗಳು ನಾಲ್ಕು: ಕವಚ, ಕೇಪು, ಮದ್ದು, ಗುಂಡು. ಇವುಗಳಲ್ಲಿ ಗುಂಡು ಎಲ್ಲಕ್ಕಿಂತ ಸುಲಭವಾದುದು. ಸೀಸವು ಒಲೆಯ ಬೆಂಕಿಗೇ ಕರಗುವುದು, ಅಚ್ಚೊಂದಿದ್ದರೆ ಯಾರಾದರೂ ಎರಕ ಹೊಯ್ಯಬಹುದು. ಮದ್ದಿನ ಮಾತು ಹಾಗಲ್ಲ. ಕರಿಮದ್ದಿನಲ್ಲಿ ಇದ್ದಲು, ಗಂಧಕಗಳಿಗಿಂತ ಪೆಟ್ಲುಪ್ಪೇ ಬಹುಪಾಲು. ಅದು ಎಲ್ಲ ದೇಶಗಳಲ್ಲೂ ಸಮೃದ್ಧವಾಗಿ ದೊರೆಯತಕ್ಕುದಲ್ಲ. ಆ ಕಾಲದಲ್ಲಿ ಲೋಕಕ್ಕೆಲ್ಲ ಪೆಟ್ಲುಪ್ಪನ್ನು ಹೆಚ್ಚಾಗಿ ಒದಗಿಸುತ್ತಿದ್ದುದು ಭರತಖಂಡ. ಅದರಲ್ಲಿಯೂ ಬಿಹಾರ ಪ್ರಾಂತ. ಅಲ್ಲಿ ನೋನಿಯಾ ಎಂಬ ಜಾತಿಯವರು ಹಳ್ಳಿಯ ಮನೆ ಕೊಟ್ಟಿಗೆಗಳ ಸುತ್ತಣ ಉಪ್ಪುಮಣ್ಣನ್ನು ಕೆರೆದು, ನೀರಿನಲ್ಲಿ ನೆನೆಯಿಸಿ ಸೋಸಿ, ಆ ನೀರನ್ನು ಕಾಸಿ ಹರಳುಗಟ್ಟಿಸುತ್ತಿದ್ದರು. 1861ರಲ್ಲಿ ಅಮೆರಿಕದ ಅಂತಃಕಲಹವು ಆರಂಭವಾಗಲು, ಉತ್ತರ ಪಕ್ಷದ ಸರ್ಕಾರವು ಡೆಲವೇರಿನ ಮದ್ದು ತಯಾರಕರ ಮನೆತನದ ಲಮೋಟ್ ಡ್ಯುಪಾಂಟ್ ಎಂಬವನನ್ನು ಗುಟ್ಟಾಗಿ ಇಂಗ್ಲೆಂಡಿಗೆ ಕಳುಹಿಸಿ, ಅಲ್ಲಿ ದೊರೆಯುವ ಪೆಟ್ಲುಪ್ಪನ್ನೆಲ್ಲ ಕೊಳ್ಳಹೇಳಿತು. ಅಷ್ಟರಲ್ಲಿ ನವೆಂಬರ್ 8ರಂದು ಉತ್ತರ ಪಕ್ಷದ ಯುದ್ಧನೌಕೆಯೊಂದು ಟ್ರೆಂಟ್ ಎಂಬ ಇಂಗ್ಲಿಷ್ ಟಪಾಲು ಹಡಗನ್ನು ತಡೆದು, ಅದರಲ್ಲಿದ್ದ ದಕ್ಷಿಣ ಪಕ್ಷದ ಇಬ್ಬರು ರಾಯಭಾರಿಗಳನ್ನು ಸೆರೆಹಿಡಿಯಿತು. ಇಂಗ್ಲೆಂಡು ಕೆರಳಿ ಯುದ್ಧಸನ್ನಾಹವನ್ನು ಮಾಡಿತು. ಪೆಟ್ಲುಪ್ಪು ಹಡಗೇರದಂತೆ ನಿಷೇಧಿಸಿತು. ರಾಯಭಾರಿಗಳನ್ನು ಬಿಟ್ಟ ಮೇಲೆ, 1862ರ ಜನವರಿಯಲ್ಲಿ ಆ ನಿಷೇಧವು ತೆಗೆಯಲ್ಪಟ್ಟಿತು. ಗುಲಾಮಗಿರಿಯನ್ನು ಕೊನೆಗಾಣಿಸಿದ ಆ ಮಹಾಯುದ್ಧದ ಕೋವಿಗಳ ಹೊಟ್ಟೆಗೆ ಬಿಹಾರದ ಬಡವನು ಕೆರೆದ ಮಣ್ಣಿನ ಸಾರವು ಹೀಗೆ ಹೋಗಿ ಸೇರಿತು. ತನ್ನ ಉಪ್ಪು ಎಲ್ಲಿಗೆ ಹೋಯಿತೆಂಬುದು ಆ ಬಡವನಿಗೆ ತಿಳಿಯಲು ಮಾರ್ಗವಿರಲಿಲ್ಲ.

ಇನ್ನು ಕವಚ ಮತ್ತು ಕೇಪು. ಮಲೆನಾಡಿನ ಮನೆಗಳಲ್ಲಿ ಕೇಪಿನ ಕೋವಿ, ತೋಟಾ ಕೋವಿ ಎಂಬ ಭೇದವನ್ನು ಬಲ್ಲವರು ಬಹಳ ಮಂದಿ ಇರುವರು. ಪೆಟ್ಟು ಬಿದ್ದೊಡನೆ ಸಿಡಿಯುವ ದ್ರವ್ಯದಿಂದ ಮದ್ದಿಗೆ ಕಿಡಿ ಹೊತ್ತಿಸುವ ಉಪಾಯಕ್ಕೆ 1807ರಲ್ಲಿ ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ಒಬ್ಬ ಪಾದ್ರಿ, ಅಲೆಗ್ಜಾಂಡರ್ ಫಾರ್ಸೈತ್ ಎಂಬವನು. ಆ ದ್ರವ್ಯವನ್ನು ತಾಮ್ರದ ಚಿಕ್ಕ ಟೊಪ್ಪಿಗೆಯಲ್ಲಿಟ್ಟುದೇ ಕೇಪು. ಹೆನ್ರಿಯ ತೋಟಾದಲ್ಲಿ ಬೇರೆ ಕೇಪು ಇರಲಿಲ್ಲ. ಕವಚದ ತಳದ ಅಂಚನ್ನು ಮಡಿಸಿ, ಆ ಮಡಿಕೆಯೊಳಗೇ ಸಿಡಿಯುವ ದ್ರವ್ಯವನ್ನು ಸುತ್ತಲೂ ತುಂಬಿದ್ದರು. ಕುದುರೆಯ ಪೆಟ್ಟಿನಿಂದ ಅಂಚು ನಜ್ಜಿದರೆ ತೋಟಾ ಹಾರುವುದು. ಈ ಏರ್ಪಾಡಿನಲ್ಲಿ ಎರಡು ಕುಂದುಗಳಿದ್ದುವು. ಅಂಚು ನಜ್ಜಬೇಕಾದರೆ ಕವಚವು ತೆಳುವಾಗಿಯೂ ಮೃದುವಾಗಿಯೂ ಇರಬೇಕು. ಅಂಥ ಕವಚವು ಹೆಚ್ಚು ಮದ್ದಿನ ಒತ್ತಡವನ್ನು ತಾಳಲಾರದು. ಇದು ಮೊದಲನೆಯದು. ಒಮ್ಮೆ ಹಾರಿಸಿದ ಮೇಲೆ ನಜ್ಜಿದ ಅಂಚಿಗೆ ಮತ್ತೆ ಆ ದ್ರವ್ಯವನ್ನು ತುಂಬುವುದು ಕಾರ್ಖಾನೆಯ ಹೊರಗೆ ಅಸಾಧ್ಯ. ಇದು ಎರಡನೆಯದು. ಹೆನ್ರಿ ಬಂದೂಕನ್ನು ಕೊಂಡವನು ತಿರುಗಿ ತಿರುಗಿ ಅಂಗಡಿಯ ಬಾಗಿಲಿಗೆ ಹೋಗಲೇಬೇಕಾಗಿದ್ದಿತು. 1866ರಲ್ಲಿ ವಿಂಚೆಸ್ಟರನ ಹೆಸರಿನಲ್ಲಿಯೇ ಹೊರಬಂದ, ಹಳದಿ ಲೋಹದ ಒಡಲಿನ ಹೊಸ ಬಂದೂಕಿಗೂ ಈ ತೋಟಾವೇ ಆಹಾರವಾಗಿದ್ದುದರಿಂದ ಅದರ ಅವಸ್ಥೆಯೂ ಇದೇ ಆಗಿದ್ದಿತು.

ಈ ಪರಾಧೀನತೆಯನ್ನು ತಪ್ಪಿಸಿದುದು ಮಧ್ಯದಲ್ಲಿ ಕೇಪುಳ್ಳ ತೋಟಾ. ಕವಚದ ತಳವನ್ನು ದಪ್ಪಮಾಡಿ, ನಡುವೆ ಗುಳಿಯಿಟ್ಟು, ಆ ಗುಳಿಯಲ್ಲಿ ಬೇರೆ ಕೇಪನ್ನು ಕೂರಿಸುವುದು ಇದರ ಕ್ರಮ. 1866ರಲ್ಲಿಯೇ ಇಂಥ ಕೇಪುಗಳೆರಡು ಹೊರಟುವು. ಒಂದು ಅಮೆರಿಕದ ಬರ್ಡನನದು, ಇನ್ನೊಂದು ಇಂಗ್ಲೆಂಡಿನ ಬಾಕ್ಸರನದು. ಕೇಪು ಸಿಡಿಯಬೇಕಾದರೆ ಅದರ ಒಳಗೊಂದು ಅಡಿಗಲ್ಲು ಬೇಕು. ಬರ್ಡನನು ಆ ಅಡಿಗಲ್ಲನ್ನು ಕವಚದ ಅಂಗವಾಗಿಯೇ ಮಾಡಿದನು. ಬಾಕ್ಸರನು ಕೇಪಿನೊಳಗೇ ಇಟ್ಟನು. ಬಾಕ್ಸರನ ಪದ್ಧತಿಯಲ್ಲಿ ಕವಚದ ತಳದ ನಡುವೆ ಒಂದೇ ರಂಧ್ರವಿರುವುದರಿಂದ, ಒಳಗಿನಿಂದ ಸೂಜಿಯಂಥ ಕಡ್ಡಿಯನ್ನು ತೂರಿ ಸುಟ್ಟ ಕೇಪನ್ನು ಹೊರಕ್ಕೆ ನೂಕುವುದು ಸುಲಭ. ವಿಚಿತ್ರವೇನೆಂದರೆ, ಅಮೆರಿಕದವನ ಕೇಪು ಐರೋಪ್ಯ ಖಂಡದಲ್ಲಿ ನೆಲಸಿತು, ಇಂಗ್ಲೆಂಡಿನವನ ಕೇಪು ಅಮೆರಿಕದಲ್ಲಿ ನೆಲಸಿತು. ದೊರೆಗಳ ಸೈನ್ಯಗಳಿಗೆ ಖಾಲಿ ಕವಚದ ಚಿಂತೆಯಿರಲಿಲ್ಲ. ಅಂಗಡಿಯು ನೂರಾರು ಮೈಲಿ ದೂರದಲ್ಲಿರುವ ಅಮೆರಿಕದ ಒಕ್ಕಲಿಗನಿಗೆ ಅದು ನಿಧಿಯಾಗಿದ್ದಿತು.

1873ರಲ್ಲಿ ವಿಂಚೆಸ್ಟರ್ ಕಾರ್ಖಾನೆಯು ಹೊರಡಿಸಿದ ಬಂದೂಕು ಈ ಬಗೆಯ ತೋಟಾಕ್ಕಾಗಿಯೇ ರಚಿಸಲ್ಪಟ್ಟುದು. ಅದರ ತೋಟಾದಲ್ಲಿ 40 ಗ್ರೇನು ಮದ್ದೂ 200 ಗ್ರೇನು ಗುಂಡೂ ಇದ್ದುವು. ಆದುದರಿಂದಲೇ ಅದಕ್ಕೆ ನಲವತ್ತನಾಲ್ಕು-ನಲವತ್ತು ಎಂಬ ಹೆಸರು ಬಂದಿತು. ಇದರಲ್ಲಿ ಮೊದಲನೆಯ ಸಂಖ್ಯೆ ಅಂಗುಲದ ನೂರರ ಭಾಗಗಳಲ್ಲಿ ಹೇಳುವ ಗುಂಡಿನ ದಪ್ಪ, ಎರಡನೆಯದು ಮದ್ದಿನ ತೂಕ. ಹೆನ್ರಿಯ ತೋಟಾದಲ್ಲಿದ್ದುದರ ಸುಮಾರು ಒಂದೂವರೆ ಪಟ್ಟು ಮದ್ದು ಇದು. 1878ರಿಂದ ಕೋಲ್ಟ್ ಕಂಪೆನಿಯವರು ಇದೇ ತೋಟಾ ಹಿಡಿಯುವ ಪಿಸ್ತೂಲನ್ನೂ ಮಾಡಿದರು. ಒಂದು ಚೀಲದ ತೋಟಾ ಎರಡು ಆಯುಧಗಳಿಗೂ ಆಗುವಂತಾಯಿತು. 1873ರ ಮಾದರಿಯ ಬಂದೂಕುಗಳು ಒಟ್ಟು 7 ಲಕ್ಷಕ್ಕೂ ಮೇಲ್ಪಟ್ಟು ತಯಾರಾದುವು.

ಬಂದೂಕಿನೊಡನೆ ತೋಟಾ ತುಂಬುವ ಕೈಯುಪಕರಣಗಳನ್ನೂ ಕಾರ್ಖಾನೆಯು ಮಾರತೊಡಗಿತು. 1884ರಲ್ಲಿ ಜಾನ್ ಬಾರ್ಲೊ ಎಂಬವನು ನ್ಯೂ ಹೇವನ್ನಿನಲ್ಲಿಯೇ ಐಡಿಯಲ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿ, ಕೇವಲ ಇಂಥ ಉಪಕರಣಗಳನ್ನೇ ಮಾಡಿ ಹೆಸರಾದನು. ಅವನ ಉಪಕರಣವು ನೋಡುವುದಕ್ಕೆ ಅಡಕತ್ತರಿಯಂತೆ ಎರಡು ಹಿಡಿಗಳುಳ್ಳದ್ದು. ಕೆಲವುಗಳ ತುದಿಯಲ್ಲಿ ಗುಂಡಿನ ಅಚ್ಚೂ ಸೇರಿಕೊಂಡಿದ್ದಿತು. ಚಳಿಗಾಲದ ರಾತ್ರಿಗಳಲ್ಲಿ ಒಲೆಯ ಪಕ್ಕದಲ್ಲಿ ಕುಳಿತು ಗುಂಡು ಎರೆಯುವುದು, ಅದಕ್ಕೆ ಕೊಬ್ಬು ಜೇನುಮೇಣಗಳ ಲೇಪ ಹಚ್ಚುವುದು, ಬೇಸಿಗೆಯಲ್ಲಿ ಕೂಡಿಟ್ಟ ಕವಚಗಳನ್ನು ತೊಳೆದು ಒಣಗಿಸಿ ಒಂದೊಂದನ್ನೂ ಬೆಳಕಿಗೆ ಹಿಡಿದು ಬಿರುಕು ನೋಡುವುದು ಇವೆಲ್ಲ ದನಗಾಹಿಗಳ, ಬೇಟೆಗಾರರ ಮನೆಗೆಲಸಗಳಾದುವು. ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮಲಗುವುದರಿಂದ ಗುಂಡಿನ ಮೂತಿಯು ಚಪ್ಪಟೆಯಾಗಿರಬೇಕೆಂಬುದು ಅವರಿಗೆ ತಿಳಿದಿದ್ದಿತು. ಚೂಪಾದ ಮೂತಿಯು ಮುಂದಿನ ತೋಟಾದ ಕೇಪಿಗೆ ತಾಗಿದರೆ ಬಂದೂಕು ಕೈಯಲ್ಲೇ ಸಿಡಿಯುವ ಭಯವಿದ್ದಿತು. ಮನುಷ್ಯರಿಗೆ ಅಕ್ಷಯ ತೂಣೀರವು ದೊರೆಯದು; ಆದರೆ ಹಿತ್ತಾಳೆಯ ಕವಚವೊಂದು ಹಲವು ಸಲ ತುಂಬಿ ಬರುವಾಗ, ಅದಕ್ಕೆ ಅತ್ಯಂತ ಸಮೀಪವಾದುದು ಅವರಿಗೆ ದೊರೆತಿತೆನ್ನಬಹುದು.

ಬಿಳಿಯರಿಗೆ ಅನುಕೂಲವಾಗಿದ್ದ ಈ ವಿದ್ಯೆಯು, ಆ ಭೂಮಿಯ ಮೂಲನಿವಾಸಿಗಳಾದ ಲಕೋಟ, ಷೈಯೆನ್ ಮುಂತಾದ ಜನಾಂಗಗಳಿಗೆ ಪ್ರಾಣದ ಮಾತಾಗಿದ್ದಿತು. ಅವರಿಗೆ ಬಂದೂಕುಗಳು ವ್ಯಾಪಾರಿಗಳಿಂದಲೂ ಯುದ್ಧದ ಲೂಟಿಯಿಂದಲೂ ದೊರೆಯುತ್ತಿದ್ದುವು. ತೋಟಾದ ಕಾರ್ಖಾನೆಯಂತೂ ಅವರಿಗಿರಲಿಲ್ಲ. ಬಯಲುಸೀಮೆಯಲ್ಲಿ ಬಹುಕಾಲ ಸೈನ್ಯಾಧಿಕಾರಿಯಾಗಿದ್ದ ರಿಚರ್ಡ್ ಅರ್ವಿಂಗ್ ಡಾಡ್ಜ್ ಎಂಬವನು, ಈ ಜನರು ಬಿಳಿಯರು ಎಸೆದ ಕವಚಗಳನ್ನು ಕೂಡಿಟ್ಟು, ಹಳೆಯ ಕೋವಿಗಳಿಗಾಗಿ ಮಾರುತ್ತಿದ್ದ ಸಾಮಾನ್ಯ ಕೇಪುಗಳನ್ನೇ ಅವುಗಳಿಗೆ ಹೊಂದಿಸಿ ಮತ್ತೆ ತುಂಬಿಕೊಳ್ಳುತ್ತಿದ್ದರೆಂದು ಬರೆದಿರುವನು. ಕಾಡುಜನರೆಂದು ಹಳಿಯಲ್ಪಟ್ಟವರು ಯಂತ್ರಯುಗದ ಅತ್ಯಂತ ಸೂಕ್ಷ್ಮವಾದ ವಸ್ತುವೊಂದನ್ನು ತಮ್ಮ ಗುಡಾರಗಳಲ್ಲಿ ಕುಳಿತು ದುರಸ್ತುಮಾಡಿಕೊಳ್ಳುತ್ತಿದ್ದರು.

1876ರ ಜೂನ್ 25ರಂದು ಲಿಟ್ಲ್ ಬಿಗ್‌ಹಾರ್ನ್ ನದಿಯ ತೀರದಲ್ಲಿ ಕಸ್ಟರ್ ಎಂಬ ಸೇನಾಪತಿಯೂ ಅವನೊಡನಿದ್ದ ಸುಮಾರು 210 ಮಂದಿಯೂ ಈ ಜನಾಂಗಗಳ ಕೈಯಲ್ಲಿ ಹತರಾದರು. ಕಸ್ಟರನ ಸೈನಿಕರ ಕೈಯಲ್ಲಿದ್ದುದು ಒಂದೊಂದೇ ತೋಟಾ ಹಿಡಿಯುವ ಬಂದೂಕು. ಎದುರಾಳಿಗಳಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಹೆನ್ರಿ, ವಿಂಚೆಸ್ಟರ್ ಬಂದೂಕುಗಳಿದ್ದುವು. ಈ ಸೋಲಿನ ವಾರ್ತೆಯನ್ನು ಕೇಳಿದ ಸರ್ಕಾರವು ಕೈಗೊಂಡ ಕ್ರಮಗಳಲ್ಲಿ ಒಂದು ಗಮನಾರ್ಹವಾದುದು. ಆಗಸ್ಟ್ ತಿಂಗಳಿನಲ್ಲಿ ಅಲ್ಲಿನ ಕಾಂಗ್ರೆಸ್ ಸಭೆಯು, ಲೋಹದ ತೋಟಾಗಳು ಹಗೆಗಳಾದ ಇಂಡಿಯನ್ನರಿಗೆ ಸೇರದಂತೆ ಮಾಡಲು ಅಧ್ಯಕ್ಷನಿಗೆ ಅಧಿಕಾರ ಕೊಟ್ಟಿತು. ಅದರ ಪ್ರಕಾರ ಅಧ್ಯಕ್ಷ ಗ್ರಾಂಟನು ನವೆಂಬರಿನಲ್ಲಿ ಅವರ ಸೀಮೆಯಲ್ಲಿ ಲೋಹದ ತೋಟಾಗಳ ಮಾರಾಟವನ್ನು ನಿಷೇಧಿಸಿ ಆಜ್ಞೆ ಹೊರಡಿಸಿದನು. ಬಿಲ್ಲನ್ನು ಕಸಿದುಕೊಳ್ಳುವುದು ಕಷ್ಟ. ತೂಣೀರವನ್ನು ಬರಿದುಮಾಡುವುದು ಸುಲಭವೆಂಬುದನ್ನು ರಾಜ್ಯಭಾರ ಮಾಡುವವರು ಅರಿತುಕೊಂಡರು. ಕಾಡೆಮ್ಮೆಯ ಹಿಂಡುಗಳೂ ನಾಶವಾಗುತ್ತಿದ್ದ ಆ ವರ್ಷಗಳಲ್ಲಿ ಹಸಿವೂ ಸೈನ್ಯವೂ ಸೇರಿ ಆ ಜನರನ್ನು ಹಣ್ಣುಮಾಡಿದುವು. ಕೆನಡಾ ದೇಶಕ್ಕೆ ವಲಸೆಹೋಗಿದ್ದ ಲಕೋಟರ ನಾಯಕ ಸಿಟ್ಟಿಂಗ್ ಬುಲ್ಲನು 1881ರ ಜುಲೈಯಲ್ಲಿ ಹಿಂದಿರುಗಿ, ಫೋರ್ಟ್ ಬ್ಯೂಫೋರ್ಡಿನಲ್ಲಿ ತನ್ನ ಬಾಲಕ ಪುತ್ರನ ಕೈಯಿಂದ ತನ್ನ ವಿಂಚೆಸ್ಟರ್ ಬಂದೂಕನ್ನು ಒಪ್ಪಿಸಿದನು.

ಆ ಯುದ್ಧದಲ್ಲಿ ಕಸ್ಟರನ ಪಕ್ಕದಲ್ಲಿದ್ದವರಾರೂ ಉಳಿಯಲಿಲ್ಲ. ಗೆದ್ದವರು ಹೇಳಿದ ಮಾತನ್ನು ಬಿಳಿಯರು ಬಹುಕಾಲ ಪೂರ್ತಿಯಾಗಿ ನಂಬಲಿಲ್ಲ. 1983ರಲ್ಲಿ ಆ ರಣಭೂಮಿಯ ಹುಲ್ಲಿಗೆ ಕಾಳ್ಗಿಚ್ಚು ಬಿದ್ದು ನೆಲವು ಬಯಲಾಯಿತು. 1984 ಮತ್ತು 1985ರಲ್ಲಿ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಎಂಬ ಪ್ರಾಕ್ತನ ಶೋಧಕರು ಲೋಹಶೋಧಕ ಯಂತ್ರಗಳಿಂದ ನೆಲವನ್ನು ಮೊಳಮೊಳವಾಗಿ ಪರೀಕ್ಷಿಸಿ, ತೋಟಾದ ಕವಚಗಳನ್ನೂ ಗುಂಡುಗಳನ್ನೂ ಅವು ಬಿದ್ದಿದ್ದ ಸ್ಥಳ ಸಹಿತವಾಗಿ ಗುರುತುಹಾಕಿದರು. ಹೆನ್ರಿ ಬಂದೂಕಿನ ಸೂಜಿಯು ತೋಟಾದ ಅಂಚಿಗೆ ಎದುರುಬದುರಾಗಿ ಎರಡು ಕಡೆ ಪೆಟ್ಟು ಹಾಕುವುದು. ಒಂದೊಂದು ಬಂದೂಕಿನ ಪೆಟ್ಟಿನ ಗುರುತೂ, ಮನುಷ್ಯನ ಹೆಬ್ಬೆಟ್ಟಿನ ಗುರುತಿನಂತೆ, ಇನ್ನೊಂದರ ಹಾಗಿರುವುದಿಲ್ಲ. ಒಂದೇ ಬಂದೂಕಿನ ಕವಚಗಳು ಎಲ್ಲೆಲ್ಲಿ ಬಿದ್ದಿದ್ದುವೆಂಬುದನ್ನು ಹಿಡಿದು, ಅದನ್ನು ಹೊತ್ತವನು ಬೆಟ್ಟದ ಯಾವ ಮಗ್ಗುಲಿನಿಂದ ಯಾವ ಮಗ್ಗುಲಿಗೆ ನಡೆದನೆಂಬುದನ್ನು ಅವರು ನಿರ್ಣಯಿಸಿದರು. ಮೂಲನಿವಾಸಿಗಳು ನಲವತ್ತಕ್ಕೂ ಹೆಚ್ಚು ಬಗೆಯ ಬಂದೂಕುಗಳನ್ನು ಉಪಯೋಗಿಸಿದ್ದರೆಂದು ತಿಳಿಯಬಂದಿತು. ಗೆದ್ದವರ ಮಾತುಗಳಲ್ಲಿ ಅನೇಕವು ನಿಜವೆಂದು ನೆಲವೇ ಸಾಕ್ಷಿ ನುಡಿಯಿತು.

ಇತ್ತ ಸನ್ನೆ ಬಂದೂಕಿನ ತೋಟಾಕ್ಕೆ ಇನ್ನೊಂದು ಪರಿವರ್ತನೆಯು ಬಂದಿತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲನು ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ಇದರ ಬಲವು ಕರಿಮದ್ದಿನ ಬಲಕ್ಕಿಂತ ಬಹಳ ಹೆಚ್ಚು. ಜಾನ್ ಬ್ರೌನಿಂಗನು ರಚಿಸಿದ 1892 ಮತ್ತು 1894ರ ಮಾದರಿಗಳು ಮೊದಲಿನವುಗಳಿಗಿಂತ ಗಟ್ಟಿಯಾದ ಬೀಗಗಳುಳ್ಳವು. ಆದರೆ 1892ರ ಬಂದೂಕಿಗೂ 1873ರ ಬಂದೂಕಿಗೂ ಹಿಡಿಯುವ ತೋಟಾ ಒಂದೇ ಆಕಾರದ್ದು. ಹೊಸದರ ಬಲಕ್ಕೆ ತಕ್ಕ ತೋಟಾವನ್ನು ಹಳೆಯದಕ್ಕೆ ಹಾಕಿದರೆ ಅನರ್ಥವಾಗುವುದೆಂದು, ತೀವ್ರವೇಗದ ತೋಟಾಗಳ ಪೆಟ್ಟಿಗೆಗಳ ಮೇಲೆ ಕಾರ್ಖಾನೆಯವರೇ ಎಚ್ಚರಿಕೆಯನ್ನು ಅಚ್ಚುಹಾಕಿಸಬೇಕಾಯಿತು. ಕೇಪಿನಲ್ಲಿಯೂ ತೊಡಕು ಕಾಣಿಸಿತು. ಕರಿಮದ್ದಿನ ಕಾಲದಲ್ಲಿ ಕೇಪಿನ ಪಾದರಸದ ಅಂಶವನ್ನು ಹೇರಳವಾದ ಮಸಿಯು ಹೀರಿಕೊಳ್ಳುತ್ತಿದ್ದಿತು; ಹೊಗೆಯಿಲ್ಲದ ಮದ್ದಿನಲ್ಲಿ ಮಸಿಯಿಲ್ಲದುದರಿಂದ ಪಾದರಸವು ಹಿತ್ತಾಳೆಯೊಡನೆ ಬೆರೆತು ಅದನ್ನು ಪೆಡಸುಮಾಡಿತು. ಕವಚವನ್ನು ಮತ್ತೆ ತುಂಬುವ ವಿದ್ಯೆಗೇ ಇದು ಕಂಟಕವಾಯಿತು. ಪಾದರಸವನ್ನು ಬಿಟ್ಟು ಮಾಡಿದ ಕೇಪುಗಳ ಉಪ್ಪು ನಳಿಗೆಗೆ ತುಕ್ಕು ಹಿಡಿಸುತ್ತಿದ್ದಿತು. ಮುಂದೆ ರೆಮಿಂಗ್ಟನ್ ಕಂಪೆನಿಯು ನಳಿಗೆಗೆ ತುಕ್ಕು ಹಿಡಿಸದ ಕೇಪನ್ನು ಮಾರುಕಟ್ಟೆಗೆ ತಂದಿತು.

ಇಂದು ಹೆನ್ರಿ ಬಂದೂಕು ವಸ್ತುಸಂಗ್ರಹಾಲಯಗಳ, ಧನಿಕರ ಸಂಗ್ರಹಗಳ ಅಲಂಕಾರ. ಅದರ ತೋಟಾವನ್ನು 1934ರ ಸುಮಾರಿಗೆ ಮಾಡುವುದು ನಿಂತುಹೋಯಿತು. ಉಳಿದಿರುವ ತೋಟಾಗಳು ಹಾರಿಸುವುದಕ್ಕಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುವುದಕ್ಕೆ. ಇಟಲಿಯಲ್ಲಿ ಹೆನ್ರಿ ಬಂದೂಕಿನ ಪ್ರತಿಕೃತಿಗಳನ್ನು ಮಾಡುವರು. ರೂಪದಲ್ಲಿ ಮೂಲವನ್ನು ಹೋಲುವ ಆ ಪ್ರತಿಕೃತಿಗಳಿಗೂ ಅಂಚಿನ ತೋಟಾ ಸಿಕ್ಕದುದರಿಂದ, ಮಧ್ಯದ ಕೇಪಿನ ತೋಟಾ ಹಿಡಿಯುವಂತೆ ನಳಿಗೆಯನ್ನು ಬದಲಾಯಿಸಿರುವರು. 1873ರ ಮಾದರಿಯ ಭಾಗ್ಯವು ಬೇರೆ. ಅದರ ತೋಟಾಕ್ಕೆ ಬೇಕಾದ ಕವಚ, ಕೇಪು, ಗುಂಡುಗಳು ಇಂದಿಗೂ ಅಮೆರಿಕದ ಅಂಗಡಿಗಳಲ್ಲಿ ದೊರೆಯುವುವು. 1876ರ ಮಾದರಿಯ ದೊಡ್ಡ ತೋಟಾದ ಕವಚವು ವಿರಳವಾದುದರಿಂದ, 1936ರಲ್ಲಿ ಹೊರಬಂದ ಬೇರೊಂದು ಸನ್ನೆ ಬಂದೂಕಿನ ಕವಚವನ್ನು ಹಿಗ್ಗಿಸಿ ಕತ್ತರಿಸಿ ಅದಕ್ಕೆ ಒಗ್ಗಿಸುವವರು ಇದ್ದಾರೆ. ಮೊಮ್ಮಗನ ಅಂಗಿಯನ್ನು ಬಿಚ್ಚಿ ತಾತನ ಮೈಗೆ ಹೊಲಿದಂತೆ ಇದು. ವಿವೇಕಿಗಳು ಹಳೆಯ ಬಂದೂಕನ್ನು ಮೊದಲು ಬಲ್ಲವರಿಂದ ಪರೀಕ್ಷೆ ಮಾಡಿಸಿ, ಅದು ಹುಟ್ಟಿದ ಕಾಲದ ಕರಿಮದ್ದಿನ ಬಲವನ್ನು ಮೀರಿ ಅದಕ್ಕೆ ಏನನ್ನೂ ಉಣಿಸುವುದಿಲ್ಲ. ಯಂತ್ರದ ವಯಸ್ಸನ್ನು ಅರಿಯದವನಿಗೆ ಅದರ ಆಹಾರವೇ ವಿಷವಾಗುವುದು.

ನ್ಯೂ ಹೇವನ್ನಿನ ಹಳೆಯ ಬಂದೂಕಿನ ಕಾರ್ಖಾನೆಯು 2006ರಲ್ಲಿ ಬಾಗಿಲು ಮುಚ್ಚಿತು. ಸಿಟ್ಟಿಂಗ್ ಬುಲ್ಲನು ಒಪ್ಪಿಸಿದ ಬಂದೂಕು ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿ ಭದ್ರವಾಗಿದೆ. ಆ ಬಂದೂಕು 1866ರ ಮಾದರಿಯದು, ಎಂದರೆ ಮನೆಯಲ್ಲಿ ಮತ್ತೆ ತುಂಬಲಾಗದ ಅಂಚಿನ ತೋಟಾದ್ದು. ಅದರ ಹಳದಿ ಒಡಲನ್ನು ನೋಡಿ ಜನರು ಮೆಚ್ಚುವರು. ಆ ನಾಯಕನು ಅದನ್ನು ಹೊತ್ತು ತಿರುಗಿದ ವರ್ಷಗಳಲ್ಲಿ ಒಂದೊಂದು ತೋಟಾವನ್ನೂ ಬಿಳಿಯರ ಕೈಯಿಂದಲೇ ಪಡೆಯಬೇಕಾಗಿದ್ದಿತೆಂಬುದನ್ನು ಅದರ ಮುಂದೆ ನಿಂತವರಲ್ಲಿ ಎಷ್ಟು ಮಂದಿ ನೆನೆಯುವರೋ.